ಒಂದೇ ಕೆರೆ, ಒಂದೇ ಕಲ್ಲು, ವರ್ಷಕ್ಕೆ 27 ಫೋಟೋ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

[ನೀರು ಧುಮುಕುವ ಸದ್ದು]

ಈಗ ಕೇಳಿಸ್ಕೊಂಡ್ರಲ್ಲ, ಅದು ನಮ್ಮೂರ ಕೆರೆ ಕೋಡಿ ಬಿದ್ದ ಸದ್ದು. 2022ರ ಸೆಪ್ಟೆಂಬರ್‌ನಲ್ಲಿ ಫೋನಿನಲ್ಲೇ ರೆಕಾರ್ಡ್ ಮಾಡಿದ್ದು. ಅದಾದ ಮೇಲೆ ಇವತ್ತಿನವರೆಗೆ ನಮ್ಮ ಕೆರೆ ಕೋಡಿ ಬಿದ್ದಿಲ್ಲ.

ನಮಸ್ಕಾರ. ಮೆಟ್ರೋದಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ರಾತ್ರಿ ನಿದ್ದೆ ಬರ್ದೆ ಕೇಳ್ತಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತಿನ ವಿಷಯ ಫೋಟೋಗ್ರಫಿ. ಋತುಗಳು ಬದಲಾಗೋದನ್ನ ಫೋಟೋದಲ್ಲಿ ಹಿಡಿಯೋದು ಹೇಗೆ ಅಂತ ತುಂಬಾ ಜನ ಕೇಳಿದ್ರಿ. ಟಿಪ್ಸ್ ಕೊಡ್ತೀನಿ, ಖಂಡಿತ. ಆದ್ರೆ ಅದಕ್ಕೂ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳ್ಬೇಕು. ಆ ತಪ್ಪು ಹೇಳ್ದೆ ಟಿಪ್ಸ್ ಕೊಟ್ರೆ ಅದು ಬರೀ ಬುರುಡೆ ಆಗುತ್ತೆ.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ ಒಂದು ಸಣ್ಣ ಹಳ್ಳಿ. ತೆಂಗು, ರಾಗಿ, ಒಂದು ಕೆರೆ. ನಾನು ಬಿಕಾಂ ಮುಗ್ಸಿ ಬೆಂಗಳೂರಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ ಮೂರು ವರ್ಷ ಕೆಲಸ ಮಾಡ್ದೆ. ಊರಿಗೆ ಹೋದಾಗೆಲ್ಲ ಕೆರೆ ಏರಿ ಮೇಲೆ, ತೂಬಿನ ಪಕ್ಕ ಇರೋ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತ್ಕೊಂಡು ಒಂದು ಫೋಟೋ ತೆಗೀತಿದ್ದೆ. ಎಡಕ್ಕೆ ಹೊಂಗೆ ಮರ, ನಡುವೆ ನೀರು, ಆಚೆ ದಡದಲ್ಲಿ ತೆಂಗಿನ ಸಾಲು, ಬಲಗಡೆ ಕೆರೆಗೆ ಬಂದು ಸೇರೋ ಹಳ್ಳ. 2022ರಲ್ಲಿ ಕೋಡಿ ಬಿದ್ದಾಗ ತೆಗೆದ ಫೋಟೋಗೆ ಸಿಕ್ಕಾಪಟ್ಟೆ ಲೈಕ್ ಬಂತು. ಅಲ್ಲಿಂದ ನಂಗೆ ಹುಚ್ಚು ಹತ್ತಿದ್ದು.

ಈಗ ತಪ್ಪಿನ ಕಥೆ.

ಯುಗಾದಿಯ ಫೋಟೋ

2023ರ ಮಾರ್ಚ್ 22, ಯುಗಾದಿ. ಬೆಳಿಗ್ಗೆ ಎಣ್ಣೆ ನೀರು ಆಗೋಕ್ಕೂ ಮುಂಚೆ ಕೆರೆ ಹತ್ರ ಹೋದೆ. ಹೊಂಗೆ ಮರ ಚಿಗುರಿತ್ತು. ಹೊಂಗೆ ಚಿಗುರು ನೋಡಿದೋರಿಗೆ ಗೊತ್ತು, ಆ ಹಸಿರಿಗೆ ಬೇರೆ ಹೆಸರಿಲ್ಲ. ಬಿಸಿಲು ಬಿದ್ರೆ ಎಲೆ ಒಳಗಿಂದ ದೀಪ ಹಚ್ಚಿದ ಹಾಗಿರುತ್ತೆ. ಕೆರೆಯಲ್ಲಿ ಇನ್ನೂ ಅರ್ಧ ನೀರಿತ್ತು. ಫ್ರೇಮ್ ನೋಡಿ ನಂಗೇ ಖುಷಿ ಆಯ್ತು.

ಒಂದೇ ತೊಂದರೆ. ಬಲಗಡೆ ಮೂಲೆಯಲ್ಲಿ, ಹಳ್ಳದ ಹತ್ರ, ಒಂದು ಟ್ರ್ಯಾಕ್ಟರ್ ನಿಂತಿತ್ತು. ಪಕ್ಕದಲ್ಲಿ ಎರಡು ಮೂರು ಲೋಡ್ ಮಣ್ಣಿನ ಗುಡ್ಡೆ. ನೋಡೋಕೆ ಚೆನ್ನಾಗಿರ್ಲಿಲ್ಲ. ಫೋನ್‌ನಲ್ಲಿ ಇರೇಸರ್ ಇದೆಯಲ್ಲ, ಬೆರಳಲ್ಲಿ ಉಜ್ಜಿದ್ರೆ ಬೇಡದ್ದು ಮಾಯ. ಟ್ರ್ಯಾಕ್ಟರ್ ಉಜ್ಜಿದೆ, ಹೋಯ್ತು. ಮಣ್ಣಿನ ಗುಡ್ಡೆ ಉಜ್ಜಿದೆ, ಹೋಯ್ತು. ಅದೇ ಜಾಗದಲ್ಲಿ ಫೋನು ತಾನೇ ಒಂದಿಷ್ಟು ಒಣ ಹುಲ್ಲು ಬರೆದುಕೊಟ್ಟಿತು. ಹಸಿರು ಸ್ವಲ್ಪ ಏರಿಸಿದೆ. ಯುಗಾದಿ ಹಬ್ಬದ ಶುಭಾಶಯ ಅಂತ ಹಾಕ್ದೆ. ಊಟ ಮಾಡೋ ಹೊತ್ತಿಗೆ ನೋಟಿಫಿಕೇಶನ್ ನಿಲ್ತಾನೇ ಇರ್ಲಿಲ್ಲ.

ಕೆಲವು ದಿನ ಆದ್ಮೇಲೆ ಸ್ಟೋರೇಜ್ ಫುಲ್ ಅಂತ ಬಂತು. ಎಡಿಟ್ ಮಾಡಿರೋದು ಇದೆಯಲ್ಲ ಅಂತ ಒರಿಜಿನಲ್‌ಗಳನ್ನೆಲ್ಲ ಡಿಲೀಟ್ ಮಾಡ್ದೆ.

ಆ ವರ್ಷ ಮಳೆ ಕೈಕೊಟ್ಟಿತು. ನಿಮಗೆ ನೆನಪಿರಬಹುದು, 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡ್ತು. ನಮ್ಮ ಕೆರೆ ತಳ ಕಾಣಿಸ್ತು, ಮಣ್ಣು ಬಿರುಕು ಬಿಟ್ಟಿತು. ಆ ಟೈಮಲ್ಲಿ ನಾನೇನ್ ಮಾಡ್ದೆ ಗೊತ್ತಾ? ಫೋಟೋ ತೆಗೆಯೋದನ್ನೇ ನಿಲ್ಲಿಸ್ದೆ. ಹಸಿರಿಲ್ಲ, ನೀರಿಲ್ಲ, ಏನ್ ತೆಗೆಯೋದು ಅಂತ. ಊರಿಗೆ ಹೋಗಿ ಬರ್ತಾನೇ ಇದ್ದೆ. ಆದ್ರೆ 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ ಆ ಕಲ್ಲಿನ ಮೇಲೆ ನಿಂತು ತೆಗೆದ ಒಂದೇ ಒಂದು ಫೋಟೋ ನನ್ನ ಹತ್ರ ಇಲ್ಲ.

"ನಮ್ ಹುಡುಗನ ಹತ್ರ ಇರುತ್ತೆ"

2024ರಲ್ಲಿ ಮಳೆ ಚೆನ್ನಾಗಾಯ್ತು. ಅಕ್ಟೋಬರ್ ಹೊತ್ತಿಗೆ ಸುತ್ತಮುತ್ತಲ ಎರಡು ಕೆರೆ ಕೋಡಿ ಬಿದ್ವು. ನಮ್ಮದು ಅರ್ಧ ಕೂಡ ತುಂಬ್ಲಿಲ್ಲ. ಯಾಕೆ ಅಂತ ನೋಡಿದ್ರೆ, ನೀರು ಬರೋ ಹಳ್ಳವೇ ಮುಚ್ಚಿಹೋಗಿದೆ. ಮೇಲಿಂದ ಬಂದ ನೀರು ಪಕ್ಕಕ್ಕೆ ತಿರುಗಿ ರಸ್ತೆ ಮೇಲೆ ಹರಿದು ಹೋಗಿದೆ.

ಅರಳಿಕಟ್ಟೆ ಹತ್ರ ಊರಿನೋರೆಲ್ಲ ಸೇರಿದ್ರು. ಹಳ್ಳದ ಪಕ್ಕದ ಜಮೀನಿನವರು ಹೇಳಿದ್ದು ಒಂದೇ ಮಾತು: "ನಾವ್ಯಾಕೆ ಮುಚ್ಚಾಣ? 2022ರ ಮಳೇಲಿ ಮಣ್ಣು ಕೊಚ್ಕೊಂಡ್ ಬಂದು ತಾನೇ ತುಂಬ್ಕಂಡಿದ್ದು."

ಆಗ ನಮ್ಮಪ್ಪ ಎದ್ದು ನಿಂತ್ರು. ನಮ್ಮಪ್ಪ ಸಭೆಯಲ್ಲಿ ಮಾತಾಡೋರಲ್ಲ. ನನ್ನ ಫೋಟೋ, ಪಾಡ್‌ಕಾಸ್ಟ್ ಬಗ್ಗೆ ಅವರು ಯಾವತ್ತೂ ಒಂದು ಒಳ್ಳೆ ಮಾತು ಹೇಳಿದ್ದೂ ಇಲ್ಲ. ಆಡಿಟರ್ ಆಫೀಸ್ ಬಿಟ್ಟಾಗ "ಸಂಬಳ ಬರೋ ಕೆಲ್ಸ ಬಿಟ್ಟು ಮಾತಾಡ್ಕಂಡ್ ತಿರುಗ್ತೀಯೇನ್ಲಾ" ಅಂದಿದ್ರು, ಅಷ್ಟೇ. ಅವತ್ತು ಎಲ್ಲರ ಮುಂದೆ ಹೇಳಿದ್ರು: "ನಮ್ ಹುಡುಗ ಬಂದಾಗೆಲ್ಲ ಆ ತೂಬಿನ ಕಲ್ ಮ್ಯಾಲೆ ನಿಂತ್ಕಂಡು ಫೋಟೋ ತೆಗೀತಾನೆ. ಹಳ್ಳನೂ ಬೀಳುತ್ತೆ ಅದ್ರಲ್ಲಿ. ಅವನ ಹತ್ರ ಇರುತ್ತೆ. ಯಾವಾಗ ಮುಚ್ಚಿದ್ದು ಅಂತ ಅದೇ ಹೇಳ್ಲಿ."

ಎಲ್ರೂ ನನ್ನ ಕಡೆ ತಿರುಗಿದ್ರು. ನಾನು ಫೋನ್ ತೆಗ್ದೆ.

2022ರ ಸೆಪ್ಟೆಂಬರ್ ಫೋಟೋದಲ್ಲಿ ಹಳ್ಳ ತುಂಬಿ ಹರೀತಿದೆ. ಸರಿ. ಆಮೇಲಿನದ್ದು ಯುಗಾದಿ ಫೋಟೋ. ಅದರಲ್ಲಿ ಮಣ್ಣೂ ಇಲ್ಲ, ಟ್ರ್ಯಾಕ್ಟರೂ ಇಲ್ಲ, ಒಣ ಹುಲ್ಲಿದೆ. ನಾನೇ ಉಜ್ಜಿ ಉಜ್ಜಿ ಅಳಿಸಿದ ಜಾಗ. ಇತ್ತು, ನಾನೇ ನೋಡಿದ್ದೀನಿ, ಟ್ರ್ಯಾಕ್ಟರ್‌ನಲ್ಲಿ ಮಣ್ಣು ತಂದು ಹಾಕಿದ್ರು ಅಂತ ಹೇಳ್ದೆ. "ಮತ್ತೆ ಫೋಟೋದಲ್ಲಿ ಎಲ್ಲಿ?" ಅಂದ್ರು. ಅಳಿಸಿದ್ದೆ ಅಂದೆ. ಜನ ನಕ್ಕರು. ಆ ಜಮೀನಿನವರು ಸಮಾಧಾನವಾಗೇ ಹೇಳಿದ್ರು: "ನೋಡಿ ಸ್ವಾಮಿ, ಅಳ್ಸೋಕೆ ಬರೋನಿಗೆ ಸೇರ್ಸೋಕೂ ಬರುತ್ತೆ. ಆ 2022ರ ಫೋಟೋನೂ ನಂಬ್ಕಳಾದು ಹೆಂಗೆ?"

ಅವರ ಮಾತಲ್ಲಿ ತಪ್ಪೇನಿದೆ? ಒಂದು ಸುಳ್ಳು ಫೋಟೋ ನನ್ನ ನಿಜವಾದ ಫೋಟೋಗಳನ್ನೂ ಸುಳ್ಳು ಮಾಡಿಬಿಡ್ತು.

ಮನೆಗೆ ನಡ್ಕೊಂಡು ಬರುವಾಗ ಅಪ್ಪ ಏನೂ ಮಾತಾಡ್ಲಿಲ್ಲ. ಬೈದಿದ್ರೆ ವಾಸಿಯಿತ್ತು.

ಅಕೌಂಟ್ಸ್ ಓದಿದವನಿಗೆ ಇದು ಗೊತ್ತಿರಬೇಕಿತ್ತು

ನಾನು ಕಾಮರ್ಸ್ ಓದಿದವನು. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದ್ರೆ ರಬ್ಬರ್ ಹಾಕಿ ಅಳಿಸಬಾರ್ದು. ಹಳೆಯದು ಕಾಣೋ ಹಾಗೇ ಬಿಟ್ಟು, ಸರಿಪಡಿಸಿದ ಎಂಟ್ರಿ ಬೇರೆ ಹಾಕ್ಬೇಕು. ಮೊದಲ ವರ್ಷದ ಪಾಠ ಇದು. ಇನ್ನೂ ತಮಾಷೆ ಕೇಳಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ ಆಯ್ತು. ಯಾರು, ಯಾವಾಗ, ಏನನ್ನ ಬದಲಾಯಿಸಿದ್ರು ಅನ್ನೋ ದಾಖಲೆ ಉಳೀಲೇಬೇಕು, ಅದನ್ನ ಆಫ್ ಮಾಡೋಕೆ ಆಗಬಾರ್ದು ಅಂತ. ಆ ಮಾರ್ಚ್ ಪೂರ್ತಿ ಆಫೀಸಲ್ಲಿ ಕ್ಲೈಂಟ್‌ಗಳಿಗೆ ಇದನ್ನೇ ಬಿಡಿಸಿ ಹೇಳ್ತಿದ್ದವನು ನಾನು. ಅದೇ ಮಾರ್ಚ್‌ನಲ್ಲಿ ನಮ್ಮೂರ ಹಳ್ಳವನ್ನ ಬೆರಳಲ್ಲಿ ಉಜ್ಜಿ ಅಳಿಸಿದವನೂ ನಾನೇ.

ಹಾಗಂತ ಎಡಿಟ್ ಮಾಡೋದೇ ಪಾಪ ಅಂತ ನಾನು ಹೇಳ್ತಿಲ್ಲ. ಮದುವೆ ಫೋಟೋದಲ್ಲಿ ಹಿಂದಗಡೆ ಇರೋ ಕಸದ ಬುಟ್ಟಿ ಅಳಿಸಿ, ಯಾರಿಗೂ ನಷ್ಟ ಇಲ್ಲ. ಆದ್ರೆ ಒಂದು ಜಾಗ ವರ್ಷದುದ್ದಕ್ಕೂ ಹೇಗೆ ಬದಲಾಗುತ್ತೆ ಅಂತ ತೋರಿಸೋ ಕೆಲಸ ಇದೆಯಲ್ಲ, ಅದು ಲೆಕ್ಕ ಬರೆಯೋ ಕೆಲಸ. ಅಲ್ಲಿ ಬೇಡದ್ದು ಅಂತ ಯಾವುದೂ ಇಲ್ಲ. ಇವತ್ತು ಫ್ರೇಮ್ ಹಾಳುಮಾಡ್ತಿರೋ ಕರೆಂಟ್ ಕಂಬ, ಪ್ಲಾಸ್ಟಿಕ್ ಚೀಲ, ಮಣ್ಣಿನ ಗುಡ್ಡೆ, ಇವೇ ನಾಳೆ ಮುಖ್ಯ ಆಗಬಹುದು. ಯಾವುದು ಅಂತ ಇವತ್ತೇ ಗೊತ್ತಾಗಲ್ಲ.

ಋತು ಎಷ್ಟು? ಮೂರಾ, ಆರಾ, ಇಪ್ಪತ್ತೇಳಾ?

ಅದಾದ ಮೇಲೆ ಸರಿಯಾಗಿ ಮಾಡ್ಬೇಕು ಅಂತ ಕೂತೆ. ಮೊದಲ ಪ್ರಶ್ನೆ: ಎಷ್ಟು ದಿನಕ್ಕೊಂದು ಫೋಟೋ? ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಮೂರು ತೆಗೆದ್ರೆ ಬರೀ ಕ್ಯಾಲೆಂಡರ್ ಚಿತ್ರ. ವಸಂತ, ಗ್ರೀಷ್ಮ ಅಂತ ಆರು ತೆಗೆದ್ರೆ ಎರಡೆರಡು ತಿಂಗಳಿಗೊಂದು, ನಡುವೆ ಎಷ್ಟೋ ಜಾರಿಹೋಗುತ್ತೆ.

ಉತ್ತರ ಸಿಕ್ಕಿದ್ದು ಅಡುಗೆಮನೆ ಗೋಡೆ ಮೇಲೆ ನೇತಾಡ್ತಿದ್ದ ಕ್ಯಾಲೆಂಡರ್‌ನಲ್ಲಿ. ನಮ್ಮ ರೈತರು ಮಳೆಯನ್ನ ಜೂನ್, ಜುಲೈ ಅಂತ ಕರೆಯಲ್ಲ. ಭರಣಿ ಮಳೆ, ರೋಹಿಣಿ ಮಳೆ, ಮೃಗಶಿರಾ, ಆರಿದ್ರಾ, ಪುನರ್ವಸು, ಮಘೆ, ಉತ್ತರೆ, ಚಿತ್ತೆ, ಸ್ವಾತಿ. ಒಟ್ಟು 27 ನಕ್ಷತ್ರ. ಸೂರ್ಯ ಒಂದೊಂದರಲ್ಲೂ ಇರೋದು ಹದಿಮೂರು ಹದಿನಾಲ್ಕು ದಿನ. 365ನ್ನ 27ರಿಂದ ಭಾಗಿಸಿ, ಹದಿಮೂರುವರೆ ಬರುತ್ತೆ. ಸೂರ್ಯನ ಲೆಕ್ಕ ಆಗಿರೋದ್ರಿಂದ ಹಬ್ಬಗಳ ಹಾಗೆ ತಾರೀಖು ಹಿಂದೆ ಮುಂದೆ ಓಡಾಡಲ್ಲ. ಆರಿದ್ರಾ ಹುಟ್ಟೋದು ಪ್ರತಿ ವರ್ಷ ಹೆಚ್ಚುಕಮ್ಮಿ ಜೂನ್ 22ಕ್ಕೇ. ಸ್ವಾತಿ ಅಕ್ಟೋಬರ್ 24ರ ಆಸುಪಾಸು.

ಯೋಚ್ನೆ ಮಾಡಿ. ಆಕಾಶ, ನೆಲ, ಗಾಳಿ ಎಷ್ಟು ದಿನಕ್ಕೊಮ್ಮೆ ಕಣ್ಣಿಗೆ ಕಾಣೋ ಹಾಗೆ ಬದಲಾಗುತ್ತೆ ಅಂತ ನೋಡಿ ನೋಡಿ, ತಲೆಮಾರುಗಳ ಕಾಲ ಉತ್ತು ಬಿತ್ತಿದೋರು ಇಟ್ಕೊಂಡಿರೋ ಟೈಮ್‌ಟೇಬಲ್ ಇದು. ಬರೀ ಹೆಸರಲ್ಲ, ಒಂದೊಂದಕ್ಕೂ ಗಾದೆ ಇದೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ. ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ. ಇದಕ್ಕಿಂತ ಒಳ್ಳೆ ಶೂಟಿಂಗ್ ಶೆಡ್ಯೂಲ್ ಯಾರು ಮಾಡಿಕೊಡ್ತಾರೆ? ಹಾಗಾಗಿ 2024ರ ಸ್ವಾತಿಯಿಂದ ಶುರುಮಾಡ್ದೆ. ನಕ್ಷತ್ರಕ್ಕೊಂದು ಫೋಟೋ, ವರ್ಷಕ್ಕೆ 27.

ಇನ್ನೊಂದು ವಿಷಯ ಆಮೇಲೆ ಹೊಳೀತು. ಮಳೆಗಾಲದ ಫೋಟೋ ಅಂದ್ರೆ ನಮ್ಮ ತಲೆಯಲ್ಲಿ ಬರೋದು ಜುಲೈ, ಆಗುಂಬೆ, ಮುಳ್ಳಯ್ಯನಗಿರಿ, ಮಂಜು, ಜಾರೋ ಕಲ್ಲು. ಅದು ಮಲೆನಾಡಿನ ಮಳೆಗಾಲ. ನಮ್ಮ ತುಮಕೂರು ಕಡೆ ಜುಲೈ ಅಂದ್ರೆ ಬರೀ ಗಾಳಿ, ಓಡೋ ಮೋಡ, ಜಿಟಿಜಿಟಿ. ನಮಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆರೆ ತುಂಬೋದು ಆಗ. ಬೇರೆಯವರ ಋತುವಿನ ಫೋಟೋ ನಮ್ಮೂರಲ್ಲಿ ಹುಡುಕಿದ್ರೆ ನಮ್ಮೂರು ಯಾವಾಗ್ಲೂ ಸಪ್ಪೆಯಾಗೇ ಕಾಣುತ್ತೆ.

ಫೋನ್‌ನಲ್ಲಿ ಹೇಗೆ ಮಾಡೋದು

ಸರಿ, ಈಗ ಟಿಪ್ಸ್. ದೊಡ್ಡ ಕ್ಯಾಮೆರಾ ಬೇಡ.

ಒಂದನೇದು, ಜಾಗ. ಅಂದಾಜಿನಲ್ಲಿ ನಿಲ್ಲಬೇಡಿ. ಹತ್ತಿರದ್ದೊಂದು ವಸ್ತು, ದೂರದ್ದೊಂದು ವಸ್ತು, ಎರಡೂ ಒಂದೇ ಗೆರೆಯಲ್ಲಿ ಬರೋ ಹಾಗೆ ನಿಲ್ಲಿ. ನನಗೆ ಹೊಂಗೆ ಮರದ ಕವಲು ಮತ್ತು ಆಚೆ ದಡದ ಒಂದು ಡೊಂಕು ತೆಂಗಿನ ಮರ. ಎರಡೂ ಕೂಡಿದ್ರೆ ಸರಿಯಾದ ಜಾಗ. ಒಂದು ಹೆಜ್ಜೆ ಸರಿದ್ರೂ ಅವು ಬೇರೆ ಬೇರೆ ಆಗುತ್ವೆ. ಇದು ನನ್ನ ಬುದ್ಧಿವಂತಿಕೆ ಅಲ್ಲ. ಅಮೆರಿಕದಲ್ಲಿ 1977ರಿಂದ 79ರವರೆಗೆ ಮಾರ್ಕ್ ಕ್ಲೆಟ್ ಅನ್ನೋ ಫೋಟೋಗ್ರಾಫರ್ ಮತ್ತೆ ಅವರ ಸಂಗಡಿಗರು, ನೂರು ವರ್ಷ ಹಿಂದೆ ಸರ್ವೆ ತಂಡಗಳ ಜತೆ ಹೋದವರು ತೆಗೆದ ಫೋಟೋಗಳನ್ನ ಹಿಡ್ಕೊಂಡು, ಅದೇ ಜಾಗಗಳನ್ನ ಹುಡುಕಿ ಮತ್ತೆ ಫೋಟೋ ತೆಗೆದ್ರು. ಬಂಡೆಗಳ ಅಂಚು, ನೆರಳು ಹೊಂದಿಸಿ ಹೊಂದಿಸಿ. ಜಾಗ ಕರಾರುವಾಕ್ಕಾಗಿದ್ರೆ ಮಾತ್ರ ಬದಲಾವಣೆ ಕಾಣುತ್ತೆ. ಇಲ್ದಿದ್ರೆ ಬದಲಾಗಿದ್ದು ಊರಾ, ನೀವಾ ಅಂತ ಗೊತ್ತಾಗಲ್ಲ.

ಎರಡನೇದು, ಲೆನ್ಸ್. ಯಾವಾಗ್ಲೂ 1ಎಕ್ಸ್. ಜೂಮ್ ಬೇಡ, ಅಲ್ಟ್ರಾ ವೈಡ್ ಬೇಡ. ಫೋನ್ ಅಡ್ಡ ಹಿಡೀರಿ, ಗ್ರಿಡ್ ಗೆರೆ ಆನ್ ಮಾಡಿ, ಆಚೆ ದಡ ಪ್ರತಿ ಸಲ ಒಂದೇ ಗೆರೆ ಮೇಲೆ ಬರಲಿ.

ಮೂರನೇದು, ಹೊತ್ತು. ಗಡಿಯಾರದ ಟೈಮ್ ನೋಡಬೇಡಿ, ಸೂರ್ಯನ್ನ ನೋಡಿ. ನಾನು ಸೂರ್ಯ ಹುಟ್ಟಿ ಒಂದು ಗಂಟೆಗೆ ತೆಗೀತೀನಿ. ಯಾಕಂದ್ರೆ ನಮ್ಮ ಕಡೆ ಜೂನ್ ಆರಂಭದಲ್ಲಿ ಆರು ಗಂಟೆಗೂ ಮುಂಚೆ ಸೂರ್ಯ ಹುಟ್ತಾನೆ, ಜನವರಿಯಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ತಡ. ಹುಟ್ಟೋ ಜಾಗನೂ ಬದಲಾಗುತ್ತೆ. ಜೂನ್‌ನಲ್ಲಿ ಪೂರ್ವದಿಂದ ಉತ್ತರಕ್ಕೆ ಸರಿದಿರ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೆರಳು ನೋಡಿ, ಭೂಮಿ ಸುತ್ತೋದು ನಿಮ್ಮ ಫೋನಲ್ಲೇ ಕಾಣುತ್ತೆ. ಬೆಂಗಳೂರಿನವರು ಇನ್ನೊಂದು ಮಾಡಬಹುದು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೇರ ನಿಂತ ಕಂಬಕ್ಕೆ ನೆರಳೇ ಇರಲ್ಲ. ಆ ಎರಡು ತಾರೀಖಿನ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ, ಉಳಿದ ವರ್ಷವೆಲ್ಲ ಉತ್ತರಕ್ಕೆ.

ನಾಲ್ಕನೇದು, ತುಂಬಾ ಮುಖ್ಯ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಐ, ಸೀನ್ ಆಪ್ಟಿಮೈಸರ್, ಹಾಗೇನಾದ್ರೂ ಇದ್ರೆ ಆಫ್ ಮಾಡಿ. ಗಿಡ ಕಂಡ ತಕ್ಷಣ ಅದು ಹಸಿರು ಏರಿಸುತ್ತೆ, ಆಕಾಶ ಕಂಡ ತಕ್ಷಣ ನೀಲಿ ಬಳಿಯುತ್ತೆ. ಫೆಬ್ರವರಿಯ ಒಣಗಿದ ಹಸಿರು, ಜೂನ್‌ನ ಎಳೆ ಹಸಿರು, ಅಕ್ಟೋಬರ್‌ನ ಕಡು ಹಸಿರು, ಮೂರನ್ನೂ ಒಂದೇ ಮಾಡಿಬಿಡುತ್ತೆ. ನೀವು ಹಿಡಿಯೋಕೆ ಹೊರಟಿರೋ ವ್ಯತ್ಯಾಸವನ್ನ ಫೋನು ನಿಮಗೆ ಹೇಳ್ದೇನೇ ಒರೆಸಿಹಾಕುತ್ತೆ. ಮೋಡ ಇದ್ದಾಗ ಆಚೆ ದಡದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ. ಮೋಡ ಬೆಳ್ಳಗೆ ಸುಟ್ಟುಹೋಗಲ್ಲ.

ಐದನೇದು, ಒರಿಜಿನಲ್. ಎಡಿಟ್ ಮಾಡೋದಿದ್ರೆ ಕಾಪಿ ಮೇಲೆ ಮಾಡಿ. ಒರಿಜಿನಲ್ ಎರಡು ಕಡೆ ಇಡಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಕ್ವಾಲಿಟಿ ಇಳಿಯುತ್ತೆ, ತೆಗೆದ ದಿನ, ಜಾಗದ ಮಾಹಿತಿನೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಜೊತೆಗೆ ಒಂದು ಸಾಲು ಬರೆದಿಡಿ. ನನ್ನದು ಹೀಗಿರುತ್ತೆ: "ಉತ್ತರೆ, ಎರಡನೇ ದಿನ. ರಾತ್ರಿ ಮಳೆ. ತೂಬಿನ ಮೂರನೇ ಕಲ್ಲಿನವರೆಗೆ ನೀರು."

ಹಳ್ಳಿ ಇಲ್ಲ, ಕೆರೆ ಇಲ್ಲ, ಪಿಜಿಯಲ್ಲಿದ್ದೀನಿ ಅನ್ನೋರಿಗೆ: ಕಿಟಕಿ ಆಚೆ ಒಂದು ಮರ ಸಾಕು. ಬೆಂಗಳೂರಿಗೆ 1908ರಲ್ಲಿ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರ ಲೆಕ್ಕಾಚಾರವೇ ಅದು, ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಬಿಡಬೇಕು ಅಂತ. ಗುಲಾಬಿ ಟಬೂಬಿಯಾ, ಆಮೇಲೆ ನೇರಳೆ ಜಕರಂಡ, ಆಮೇಲೆ ಕೆಂಪು ಗುಲ್‌ಮೊಹರ್. ಮರಗಳ ಚಿಗುರು, ಹೂ, ಕಾಯಿ ವಾರಾವಾರ ದಾಖಲು ಮಾಡೋಕೆ ಸೀಸನ್‌ವಾಚ್ ಅನ್ನೋ ಯೋಜನೆ ಇದೆ, ದೇಶದ ಯಾರು ಬೇಕಾದ್ರೂ ಸೇರಬಹುದು. ನಿಮ್ಮ ಬೀದಿ ಮರದ ಲೆಕ್ಕ ಒಂದು ದೊಡ್ಡ ಲೆಕ್ಕಕ್ಕೆ ಸೇರುತ್ತೆ.

ಅಪ್ಪ ಫೋಟೋ ಓದಿದ್ದು

ಈಗ ನಮ್ಮೂರಿಗೆ ವಾಪಸ್. ಹಳ್ಳದ ಕಥೆ ಏನಾಯ್ತು?

ನನ್ನ ಫೋಟೋ ಮಾಡಬೇಕಾಗಿದ್ದ ಕೆಲಸವನ್ನ ಒಂದು ಹಳೇ ಗ್ರಾಮ ನಕ್ಷೆ ಮಾಡ್ತು. ಊರಿನೋರು ಅರ್ಜಿ ಕೊಟ್ಟು, ತಿಂಗಳುಗಟ್ಟಲೆ ಓಡಾಡಿ, 2025ರ ಬೇಸಿಗೆಯಲ್ಲಿ ಸರ್ವೆಯವರು ಬಂದು ಅಳತೆ ಮಾಡಿದ್ರು. ನಕ್ಷೆಯಲ್ಲಿ ಹಳ್ಳ ಇತ್ತು. ಆಮೇಲೆ ಊರಿನೋರೇ ದುಡ್ಡು ಹಾಕಿ ಜೆಸಿಬಿ ತರಿಸಿ ಒಂದಷ್ಟು ಮಣ್ಣು ತೆಗೆಸಿದ್ರು. ಪೂರ್ತಿ ಆಗಿಲ್ಲ, ಇನ್ನೂ ತಕರಾರಿದೆ. ಆ ಜಮೀನಿನವರು ನಮ್ಮ ಮನೆ ಮುಂದೆ ಹೋಗುವಾಗ ಮುಖ ತಿರುಗಿಸ್ಕೊಂಡು ಹೋಗ್ತಾರೆ. ಅವತ್ತೇ ಒಂದು ಫೋಟೋ ಇದ್ದಿದ್ರೆ ಅಷ್ಟು ತಿಂಗಳು ಓಡಾಡಬೇಕಾಗಿತ್ತಾ, ಇಷ್ಟು ಮುನಿಸು ಬೆಳೀತಿತ್ತಾ ಅಂತ ನಾನು ಆಗಾಗ ಯೋಚಿಸ್ತೀನಿ.

27 ಫೋಟೋದ ಲೆಕ್ಕನೂ ಒಪ್ಪಿಸಿಬಿಡ್ತೀನಿ. ಮೊದಲ ವರ್ಷ ನಾನು ತೆಗೆದಿದ್ದು 16. ತಪ್ಪಿದ್ದು 2. ಉಳಿದ 9 ತೆಗೆದೋರು ನಮ್ಮಪ್ಪ.

ಅದು ಶುರುವಾಗಿದ್ದು ಹೀಗೆ. 2025ರ ಸಂಕ್ರಾಂತಿಗೆ ಹೋದಾಗ ಅದುವರೆಗಿನ ಫೋಟೋಗಳನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡ್ತಿದ್ದೆ. ಅಪ್ಪ ಹಿಂದೆ ಬಂದು ನಿಂತ್ರು. ಸಭೆ ಆದ್ಮೇಲೆ ಫೋಟೋ ಬಗ್ಗೆ ನಾವಿಬ್ರೂ ಮಾತೇ ಆಡಿರ್ಲಿಲ್ಲ. ಸ್ವಲ್ಪ ಹೊತ್ತು ನೋಡಿ ಬೆರಳು ತೋರಿಸಿದ್ರು. "ಆ ತೆಂಗಿನ ಗರಿ ನೋಡು, ಜೋತ್ಕಂಡವೆ. ಇದು ಈ ವರ್ಷದ್ದಲ್ಲ. ಹೋದ್ ಬರದ್ದು."

ನಂಗೆ ಅರ್ಥ ಆಗ್ಲಿಲ್ಲ. ಆಗ ಹೇಳಿದ್ರು. ರಾಗಿ ಬರವನ್ನ ಅದೇ ವರ್ಷ ತೋರಿಸುತ್ತೆ, ತೆಂಗು ಹಾಗಲ್ಲ. ಈ ವರ್ಷ ನೀರಿಲ್ದಿದ್ರೆ ಅದರ ಏಟು ಮುಂದಿನ ವರ್ಷದ ಕಾಯಿಗೆ ಬೀಳುತ್ತೆ. ಅಂದ್ರೆ ನಾನು 2024ರ ಒಳ್ಳೆ ಮಳೆಯ ಫೋಟೋ ಅಂದ್ಕೊಂಡಿದ್ದರ ಒಳಗೆ 2023ರ ಬರ ಕೂತಿತ್ತು. ಒಂದೇ ಫ್ರೇಮ್‌ನಲ್ಲಿ ಎರಡು ವರ್ಷ. ನಾನು ಬರದ ಫೋಟೋ ತೆಗೀದೆ ಬಿಟ್ರೂ ತೆಂಗಿನ ಮರ ಅದನ್ನ ಬರೆದಿಟ್ಕೊಂಡಿತ್ತು.

ಆಮೇಲೆ ಸ್ವಾತಿ ಫೋಟೋದಲ್ಲಿ ಆಚೆ ಹೊಲ ತೋರಿಸಿ ಕೇಳಿದ್ರು: "ಹುಚ್ಚೆಳ್ಳು ಸಾಲು ಎಲ್ಲಿ?" ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಾಕ್ತಿದ್ರು. ಆ ಹೊತ್ತಿಗೆ ಹಳದಿ ಹೂವಿನ ಗೆರೆಗಳು ಎದ್ದು ಕಾಣ್ತಿದ್ವು. 2022ರ ಫೋಟೋ ತೆಗೆದು ನೋಡಿದ್ವಿ. ಸೆಪ್ಟೆಂಬರ್‌ನದ್ದು, ಆದ್ರೂ ಹೂವು ಶುರುವಾಗಿದ್ದು ಮಸುಕಾಗಿ ಕಾಣ್ತಿತ್ತು. ಈಗಿಲ್ಲ. ಹಾಕೋರು ಬಿಟ್ಟಿದ್ದಾರೆ. ನಾನು ಅಷ್ಟು ಸಲ ಅಲ್ಲಿ ನಿಂತಿದ್ದೀನಿ, ಒಂದು ಬಣ್ಣವೇ ಹೋಗಿರೋದು ನಂಗೆ ಗೊತ್ತಾಗಿರ್ಲಿಲ್ಲ.

ಅವತ್ತು ನಂಗೊಂದು ವಿಷಯ ಗೊತ್ತಾಯ್ತು. ನಾನು ಫೋಟೋ ತೆಗೆಯೋನು, ನಮ್ಮಪ್ಪ ಫೋಟೋ ಓದೋರು. ನಿಮ್ಮ ಮನೆಯಲ್ಲೂ ಇಂಥೋರು ಇರ್ತಾರೆ. ಅಜ್ಜಿ, ಮಾವ, ಪಕ್ಕದ ಮನೆಯೋರು ಯಾರಾದ್ರೂ. ನೀವು ತೆಗೆದ ಜಾಗದ ಫೋಟೋನ ಇನ್‌ಸ್ಟಾಗ್ರಾಮ್‌ಗೆ ಹಾಕೋ ಮುಂಚೆ ಅವರಿಗೆ ತೋರಿಸಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ. "ಇದ್ರಲ್ಲಿ ಏನ್ ಕಾಣ್ತಿದೆ" ಅಂತ ಕೇಳಿ. ಬರೋ ಉತ್ತರ ಬೇರೆ ಥರ ಇರುತ್ತೆ.

ಕೊನೆಗೊಂದು ಫೋಟೋ ಬಗ್ಗೆ ಹೇಳಿ ಮುಗಿಸ್ತೀನಿ. 2025ರ ಜೂನ್, ಆರಿದ್ರಾ ಹುಟ್ಟಿದ ವಾರ. ನಾನು ಬೆಂಗಳೂರಲ್ಲಿ ಜ್ವರ ಬಂದು ಮಲಗಿದ್ದೆ. ಬೆಳಿಗ್ಗೆ ಏಳೂವರೆಗೆ ಅಪ್ಪನ ನಂಬರ್‌ನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಸೊಟ್ಟಗಿತ್ತು. ಎಡ ಮೂಲೆಯಲ್ಲಿ ಅವರ ಹೆಬ್ಬೆರಳು. ನಡುವೆ ಕರೆಂಟ್ ತಂತಿ. ಬಲಗಡೆ ಜೆಸಿಬಿ ಅಗೆದ ಕೆಂಪು ಮಣ್ಣು, ಅದರ ನಡುವೆ ಹಳ್ಳದಲ್ಲಿ ದಾರದ ಹಾಗೆ ಸಣ್ಣಗೆ ನೀರು. ಡಾಕ್ಯುಮೆಂಟ್ ಆಗಿ ಕಳಿಸೋಕೆ ಅವರಿಗೆ ಬರಲ್ಲ, ಹಾಗಾಗಿ ಕ್ವಾಲಿಟಿನೂ ಇಲ್ಲ. ಹಿಂದೇನೇ ಒಂದು ವಾಯ್ಸ್ ಮೆಸೇಜ್:

"ಮಗ, ಹಳ್ಳದಲ್ಲಿ ನೀರ್ ಬಂತು. ಕೈ ಅಡ್ಡ ಬಂದೈತೆ, ಇರ್ಲಿ ಬಿಡು. ಏನೂ ಅಳ್ಸಕ್ ಹೋಗ್ಬೇಡ."

ಆ ವರ್ಷನೂ ಕೆರೆ ಕೋಡಿ ಬೀಳ್ಲಿಲ್ಲ. ತೂಬಿನ ಮೇಲಿನ ಕಲ್ಲಿನವರೆಗೆ ಬಂದು ನಿಂತಿತು. ಯಾವ ಮಳೆಗೆ ಎಷ್ಟು ಬಂತು ಅಂತ ಯಾರಾದ್ರೂ ಕೇಳಿದ್ರೆ ಈಗ ನಮ್ಮ ಹತ್ರ ಉತ್ತರ ಇದೆ, ಹೆಬ್ಬೆರಳಿನ ಸಮೇತ.

ಇಷ್ಟೇ ಇವತ್ತಿನ ಸಂಚಿಕೆ. ನಾಳೆ ಬೆಳಿಗ್ಗೆ ಸೂರ್ಯ ಹುಟ್ಟಿ ಒಂದು ಗಂಟೆಗೆ, ನಿಮಗೆ ದಿನಾ ಕಾಣೋ ಒಂದು ಜಾಗಕ್ಕೆ ಹೋಗಿ ಮೊದಲನೇ ಫೋಟೋ ತೆಗೀರಿ. ಯಾವ ನಕ್ಷತ್ರ ಅಂತ ಗೋಡೆ ಕ್ಯಾಲೆಂಡರ್ ನೋಡಿ ಬರೆದಿಡಿ. ಹದಿಮೂರು ದಿನ ಬಿಟ್ಟು ಎರಡನೇದು. ಒಂದು ವರ್ಷ ಆದ್ಮೇಲೆ ನಂಗೆ ಕಳಿಸಿ, ನಾನು ನಮ್ಮಪ್ಪನಿಗೆ ತೋರಿಸ್ತೀನಿ. ಅಲ್ಲಿವರೆಗೆ, ನಮಸ್ಕಾರ.